ಹಂಪಿಗೆ ಬರುವ ದಾರಿ, ಹಂಪಿಯಿಂದ ಹೋಗುವ ದಾರಿ

ದರೋಜಿ ಕೆರೆಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಇಡೀ ಪುಸ್ತಕವೇ ಇದೆ. ಬರೆದವರು ಅಮೆರಿಕದ ಪುರಾತತ್ವಜ್ಞೆ ಕ್ಯಾಥ್ಲೀನ್ ಮಾರಿಸನ್, ಅಚ್ಚಾದದ್ದು 2009ರಲ್ಲಿ. ಸಂಡೂರು ತಾಲ್ಲೂಕಿನ ಈ ಊರು ನಮಗೆ ಗೊತ್ತಿರುವುದು ಕರಡಿಧಾಮದಿಂದ, ಬುರ್ರಕಥೆಯ ಈರಮ್ಮನವರಿಂದ. ಅದರ ಕೆರೆ, ಕಾಲುವೆ, ಹೊಲಗಳ ಚರಿತ್ರೆ ಮಾತ್ರ ಸಾಗರದಾಚೆಯ ವಿದ್ವಾಂಸರ ಅಧ್ಯಯನದ ವಸ್ತುವಾಗಿದೆ.

ಇದು ಇವತ್ತಿನ ಮಾತಲ್ಲ. 1980ರ ಸುಮಾರಿಗೆ ವಿದೇಶಿ ಸಂಶೋಧಕರಾದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ ಹಂಪಿಯ ಪಾಳುಗಳ ನಡುವೆ ಡೇರೆ ಹಾಕಿದಾಗಿನಿಂದ, ಚಳಿಗಾಲ ಬಂತೆಂದರೆ ಅಳತೆಪಟ್ಟಿ ಹಿಡಿದ ವಿದೇಶಿ ವಿದ್ಯಾರ್ಥಿಗಳು ಕಮಲಾಪುರದವರಿಗೆ ಹೊಸಬರಲ್ಲ. ಹಾಗೆ ಬಂದವರ ಬೆನ್ನಿಗೆ ಸಾಮಾನ್ಯವಾಗಿ ಯಾವುದೋ ಫೆಲೋಶಿಪ್, ಯಾವುದೋ ಪ್ರತಿಷ್ಠಾನದ ಅನುದಾನ ಇರುತ್ತದೆ. ಅವರಿಗೆ ಚಹಾ ಕೊಟ್ಟ, ದಾರಿ ತೋರಿಸಿದ ಮನೆಯ ಮಕ್ಕಳು ಅವರ ವಿಶ್ವವಿದ್ಯಾಲಯಕ್ಕೆ ಓದಲು ಹೋಗಬೇಕೆಂದರೆ? ಅದಕ್ಕೂ ದಾರಿಗಳಿವೆ. ಆದರೆ ಊರಲ್ಲಿ ಅವುಗಳ ಹೆಸರು ಕೇಳಿದವರೇ ಕಡಿಮೆ.

ಮುಖ್ಯವಾದದ್ದು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ. 1954–55ರಲ್ಲಿ ಶುರುವಾದ ಯೋಜನೆ. ಸದ್ಯ ವರ್ಷಕ್ಕೆ 125 ಜನರಿಗೆ ಅವಕಾಶ: ಪರಿಶಿಷ್ಟ ಜಾತಿಯವರಿಗೆ 115, ಅಲೆಮಾರಿ ಮತ್ತು ವಿಮುಕ್ತ ಸಮುದಾಯಗಳಿಗೆ 6, ಭೂರಹಿತ ಕೃಷಿಕಾರ್ಮಿಕರು ಹಾಗೂ ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ 4. ಸ್ನಾತಕೋತ್ತರ ಪದವಿ ಅಥವಾ ಪಿಎಚ್.ಡಿ. ಮಾಡುವವರಿಗೆ ಮಾತ್ರ, ಡಿಗ್ರಿಗೆ ಇಲ್ಲ. ವಯಸ್ಸು 35 ದಾಟಿರಬಾರದು, ಮನೆಯ ವರಮಾನ ವರ್ಷಕ್ಕೆ 8 ಲಕ್ಷ ಮೀರಬಾರದು, ಹಿಂದಿನ ಪರೀಕ್ಷೆಯಲ್ಲಿ ಶೇ 60 ಅಂಕ ಬೇಕು. ಸೇರುವ ವಿಶ್ವವಿದ್ಯಾಲಯ ಕ್ಯುಎಸ್ ಪಟ್ಟಿಯ ಮೊದಲ 500ರೊಳಗಿರಬೇಕು. ಆಯ್ಕೆಯಾದರೆ ಬೋಧನಾ ಶುಲ್ಕ, ವಿಮಾನದ ಟಿಕೆಟ್, ವೀಸಾ, ಆರೋಗ್ಯ ವಿಮೆ ಎಲ್ಲವೂ ಸರ್ಕಾರದ್ದು. ಇರುವ ಖರ್ಚಿಗೆ ಹಲವು ವರ್ಷಗಳಿಂದ ನಿಗದಿಯಾಗಿದ್ದ ಮೊತ್ತ ವರ್ಷಕ್ಕೆ 15,400 ಡಾಲರ್. ಬ್ರಿಟನ್ನಿಗೆ ಹೋದವರಿಗೆ 9,900 ಪೌಂಡ್.

ನಮ್ಮ ಸೀಮೆಗೆ ಇದನ್ನು ಹೊಂದಿಸಿ ನೋಡಿ. ಸಂಡೂರು ಸುತ್ತಿನ ತಾಂಡಾಗಳ ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ಹಾಗಾಗಿ ಕಸೂತಿ ಸೂಜಿ ಹಿಡಿದ ತಾಯಿಯ ಮಗಳು ಅರ್ಜಿ ಹಾಕಬಹುದು. ನಾಯಕ ಸಮುದಾಯ ದೊಡ್ಡ ಸಂಖ್ಯೆಯಲ್ಲಿರುವ ಸಂಡೂರು, ಕಂಪ್ಲಿ ಎರಡೂ ಎಸ್‌ಟಿ ಮೀಸಲು ವಿಧಾನಸಭಾ ಕ್ಷೇತ್ರಗಳು. ಎಸ್‌ಟಿ ಮಕ್ಕಳಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಪ್ರತ್ಯೇಕ ಯೋಜನೆ ಇದೆ. ಅದರಲ್ಲಿ ಇಡೀ ದೇಶಕ್ಕೆ ವರ್ಷಕ್ಕೆ 20 ಜಾಗ. ಇವುಗಳ ಜೊತೆಗೆ ಎಸ್‌ಸಿ, ಎಸ್‌ಟಿ ಇಬ್ಬರಿಗೂ ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯೂ ಇದೆ.

ಹಣದ ಮಾತು ಇಷ್ಟು. ಆದರೆ ಹೆಚ್ಚಿನವರು ಸೋಲುವುದು ಹಣ ಮಂಜೂರಾಗುವ ಮೊದಲೇ, ಕಾಗದಪತ್ರದ ಹಂತದಲ್ಲಿ. ಕಂಪ್ಲಿಯ ಗದ್ದೆಯಲ್ಲಿ ಭತ್ತ ನಾಟಿ ಮಾಡುವ ಮನೆಯ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವನು ‘ಪಂಪಾಪತಿ ಹೆಚ್.’. ಆಧಾರ್‌ನಲ್ಲಿ ‘ಹುಲುಗಪ್ಪ ಪಂಪಾಪತಿ’. ಡಿಗ್ರಿ ಸರ್ಟಿಫಿಕೇಟಿನಲ್ಲಿ ಇನಿಷಿಯಲ್ ಮುಂದಕ್ಕೆ ಬಂದಿದೆ. ನಮ್ಮ ಕಣ್ಣಿಗೆ ಮೂವರೂ ಒಬ್ಬನೇ. ವಿದೇಶದ ಪ್ರವೇಶ ವಿಭಾಗಕ್ಕೆ ಮೂವರು ಬೇರೆ ಬೇರೆ ಮನುಷ್ಯರು. ಪಾಸ್‌ಪೋರ್ಟ್ ಅರ್ಜಿಯಲ್ಲಿ ‘ಸರ್‌ನೇಮ್’ ಎಂಬ ಖಾನೆ ಕಂಡಾಗ ಅಲ್ಲಿ ಅಪ್ಪನ ಹೆಸರು ಹಾಕಬೇಕೋ ಊರಿನ ಹೆಸರೋ ತಿಳಿಯದೆ ಇಂಟರ್‌ನೆಟ್ ಸೆಂಟರಿನ ಹುಡುಗನ ಮುಖ ನೋಡುತ್ತಾನೆ. ಈ ಹೆಸರನ್ನು ಒಂದೇ ಮಾಡಿಸಲು ಅಫಿಡವಿಟ್, ನಾಡಕಚೇರಿ, ಕಾಲೇಜು, ವಿಶ್ವವಿದ್ಯಾಲಯ ಎಂದು ಅಲೆಯುವಷ್ಟರಲ್ಲಿ ಅರ್ಜಿಯ ಕೊನೆಯ ದಿನ ಹತ್ತಿರ ಬಂದಿರುತ್ತದೆ.

ಅಲ್ಲಿಂದ ಮುಂದೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ. ಒಂದು ಸಲ ಬರೆಯಲು ಹದಿನೈದು ಸಾವಿರ ರೂಪಾಯಿಗೂ ಮೇಲೆ ಬೇಕು. ರಾತ್ರಿ ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಂಗಳೂರಲ್ಲಿಳಿದು ಪರೀಕ್ಷೆ ಬರೆದು ಬರಬೇಕು. ಅದರ ಮೇಲೆ ಪ್ರತಿ ವಿಶ್ವವಿದ್ಯಾಲಯದ ಅರ್ಜಿ ಶುಲ್ಕ, ಟ್ರಾನ್ಸ್‌ಕ್ರಿಪ್ಟ್ ಶುಲ್ಕ. ವಿದ್ಯಾರ್ಥಿವೇತನ ಲಕ್ಷಗಟ್ಟಲೆ ಕೊಡುತ್ತದೆ ನಿಜ. ಅದರ ಬಾಗಿಲಿಗೆ ಹೋಗಲು ಬೇಕಾದ ಮೂವತ್ತು–ನಲವತ್ತು ಸಾವಿರವನ್ನು ಮನೆಯವರೇ ಹೊಂಚಬೇಕು. ದಿನಗೂಲಿಯ ಮನೆಗೆ ದೊಡ್ಡ ಮೊತ್ತವೆಂದರೆ ಇದೇ.

ಇಷ್ಟೆಲ್ಲ ಪಡಿಪಾಟಲು ಏಕೆ ಎನ್ನುವವರು ಕನ್ನಡದ ಹಿಂದಿನ ಹೆಜ್ಜೆಗಳನ್ನು ನೋಡಬೇಕು. ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿವೇತನದಲ್ಲಿ 1960ರಿಂದ ಮೂರು ವರ್ಷ ಆಕ್ಸ್‌ಫರ್ಡಿನಲ್ಲಿದ್ದರು. ಬದುಕಿನ ಕೊನೆಗೆ ಬರೆದ ‘ರಾಕ್ಷಸ ತಂಗಡಿ’ಯ ವಸ್ತು ವಿಜಯನಗರದ ಪತನ. ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋಗಿ ಅಲ್ಲೇ ‘ಸಂಸ್ಕಾರ’ ಬರೆದರು. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿ ಬಂದ ಚಂದ್ರಶೇಖರ ಕಂಬಾರರು ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. ಹೊರಗೆ ಹೋದವರು ಊರನ್ನು ಮರೆಯಲಿಲ್ಲ. ದೂರದಿಂದ ನೋಡಿ ಹೊಸದಾಗಿ ಕಂಡುಕೊಂಡರು.

ಬೇಸರ ತರುವ ಸಂಗತಿ ಇರುವುದು ಇಲ್ಲೇ. 2022ರಲ್ಲಿ ಸಾಮಾಜಿಕ ನ್ಯಾಯ ಸಚಿವಾಲಯ ತನ್ನ ಮಾರ್ಗಸೂಚಿಗೆ ಹೊಸ ನಿಯಮ ಸೇರಿಸಿತು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜ ಕುರಿತ ಸಂಶೋಧನೆಗೆ ಈ ವಿದ್ಯಾರ್ಥಿವೇತನ ಸಿಗುವುದಿಲ್ಲ. ಅಂಥ ವಿಷಯಕ್ಕೆ ಬೇಕಾದ ಪರಿಣತಿ, ಆಕರಗಳು ದೇಶದಲ್ಲೇ ಇವೆ ಎಂಬುದು ಸರ್ಕಾರದ ವಾದ. ಅದಕ್ಕೆ ವಿರೋಧವೂ ಬಂತು. ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲಿ ಖನಿಜ ಸಂಸ್ಕರಣೆ ಓದಿದ ಸಂಡೂರಿನ ಹುಡುಗ ಈ ಹಣದಲ್ಲಿ ಗಣಿ ವಿಜ್ಞಾನ ಕಲಿಯಲು ಆಸ್ಟ್ರೇಲಿಯಕ್ಕೆ ಹೋಗಬಹುದು. ಅದೇ ಊರಿನ ಹುಡುಗಿ ಗಣಿಗೆ ಮುಂಚಿನ ಸಂಡೂರಿನ ಇತಿಹಾಸ ಬರೆಯುತ್ತೇನೆಂದರೆ ಅವಳಿಗೆ ಜಾಗವಿಲ್ಲ.

ಹಾಗೆಂದು ಕೈಚೆಲ್ಲಿ ಕೂರಬೇಕಿಲ್ಲ. ಯುರೋಪಿನ ಎರಾಸ್ಮಸ್ ಮುಂಡಸ್, ಜರ್ಮನಿಯ ಡಿಎಎಡಿ, ಬ್ರಿಟನ್ನಿನ ಚೀವನಿಂಗ್, ಅಮೆರಿಕದ ಫುಲ್‌ಬ್ರೈಟ್–ನೆಹರೂ ಯೋಜನೆಗಳಿಗೆ ಈ ನಿಯಮದ ಕಟ್ಟಿಲ್ಲ. ಜಾತಿ–ವರಮಾನದ ಷರತ್ತೂ ಇಲ್ಲ. ಪೈಪೋಟಿ ಮಾತ್ರ ಹೆಚ್ಚು. ಡಿಗ್ರಿ ಎರಡನೇ ವರ್ಷದಲ್ಲಿರುವವರು ಈಗಲೇ ಮಾಡಬಹುದಾದ ಕೆಲಸ ಒಂದಿದೆ: ಅಂಕಪಟ್ಟಿ, ಆಧಾರ್, ಜಾತಿ–ವರಮಾನ ಪತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಹೆಸರಿನ ಒಂದೊಂದು ಅಕ್ಷರವನ್ನೂ ತಾಳೆ ನೋಡುವುದು.

ದರೋಜಿ ಕೆರೆಯ ಮುಂದಿನ ಪುಸ್ತಕವನ್ನು ದರೋಜಿಯವರೇ ಬರೆಯುವಂತಾದರೆ, ಆ ಕೆಲಸ ಶುರುವಾಗುವುದು ಬಹುಶಃ ಆ ಮೇಜಿನಿಂದಲೇ.