ನಿಮಗಿದು ಗೊತ್ತೇ? ಕಿವಿಯಿಂದ ಹುಟ್ಟುವ ಭಯ

ಥ್ರಿಲ್ಲರ್ ನೋಡಿ ಹೊರಬಂದವರು ನಾಯಕನನ್ನು ಹೊಗಳುತ್ತಾರೆ, ಕೊಲೆಗಾರ ಯಾರೆಂದು ಮೊದಲೇ ಊಹಿಸಿದ್ದೆವೆಂದು ಬೀಗುತ್ತಾರೆ. ಮೈ ಜುಮ್ಮೆನಿಸಿದ ವಾದ್ಯಗಳ ಮಾತೇ ಬರುವುದಿಲ್ಲ. ಅವುಗಳ ಕುರಿತು ಒಂದಿಷ್ಟು ಸಂಗತಿ ಇಲ್ಲಿವೆ.

● ಆಲಮಟ್ಟಿಯ ಸಂಗೀತ ಕಾರಂಜಿಯಲ್ಲಿ ಹಾಡಿಗೆ ತಕ್ಕಂತೆ ನೀರು ಕುಣಿಯುತ್ತದೆ. ಸಿನಿಮಾದ ಹಿನ್ನೆಲೆ ಸಂಗೀತದಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗು: ಸಂಕಲನವಾದ ದೃಶ್ಯ ಮೊದಲು, ಸ್ವರ ಆಮೇಲೆ. ಸೆಕೆಂಡಿಗೆ 24 ಫ್ರೇಮ್ ಓಡುವ ಚಿತ್ರದಲ್ಲಿ ಬಾಗಿಲು ತೆರೆದ ಕ್ಷಣಕ್ಕೇ ಪಿಟೀಲು ಚೀರಬೇಕು. ಗಾಂಧಿನಗರದಲ್ಲಿ ಈ ಕೆಲಸಕ್ಕೆ ರೀರೆಕಾರ್ಡಿಂಗ್ ಎನ್ನುತ್ತಾರೆ.

● ರಾಜ್‌ಕುಮಾರ್ ಪತ್ತೇದಾರ 999 ಆಗಿ ಬಂದ 'ಜೇಡರ ಬಲೆ' (1968) ಚಿತ್ರದ ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಮುಂದೆ ಅವರ ಸಹಾಯಕರಾಗಿ ದುಡಿದು ಪಳಗಿದವರು ಇಳಯರಾಜ. ಶಂಕರ್‌ನಾಗ್ ನಿರ್ದೇಶಿಸಿದ 'ಆಕ್ಸಿಡೆಂಟ್' (1985) ಥ್ರಿಲ್ಲರ್‌ಗೆ ಸಂಗೀತ ಕೊಟ್ಟವರು ಅದೇ ಶಿಷ್ಯ!

● ಹಾಡಿಲ್ಲದೆ ಕನ್ನಡ ಚಿತ್ರ ಓಡೀತೇ? ಸುನಿಲ್‌ಕುಮಾರ್ ದೇಸಾಯಿ 'ತರ್ಕ'ದಲ್ಲಿ ಓಡಿಸಿ ತೋರಿಸಿದರು. ವಿಷ್ಣುವರ್ಧನ್ ಅಭಿನಯದ 'ನಿಷ್ಕರ್ಷ'ದಲ್ಲೂ ಹಾಡಿಲ್ಲ. ಎರಡರಲ್ಲೂ ಬಿಗಿ ಸಡಿಲದಂತೆ ನೋಡಿಕೊಂಡದ್ದು ಗುಣಸಿಂಗ್ ಅವರ ಹಿನ್ನೆಲೆ ಸಂಗೀತ.

● 'ರಂಗಿತರಂಗ'ದ (2015) ಹಾಡುಗಳು ನಿರ್ದೇಶಕ ಅನೂಪ್ ಭಂಡಾರಿ ಅವರವು. ಹಿನ್ನೆಲೆ ಸಂಗೀತ ಮಾತ್ರ ಭದ್ರಾವತಿಯ ಬಿ. ಅಜನೀಶ್ ಲೋಕನಾಥ್ ಅವರದು. 'ಕಾಂತಾರ'ಕ್ಕೆ (2022) ಸಂಗೀತ ಕೊಟ್ಟವರೂ ಇವರೇ.

● ಹಿಚ್‌ಕಾಕ್ ಅವರ 'ಸೈಕೋ' (1960) ಚಿತ್ರದ ಸ್ನಾನಗೃಹದ ಕೊಲೆಗೆ ಸಂಗೀತವೇ ಬೇಡವೆಂದು ನಿರ್ದೇಶಕರ ಅಪ್ಪಣೆಯಾಗಿತ್ತು. ಬರ್ನಾರ್ಡ್ ಹರ್ಮನ್ ಅದನ್ನು ಮೀರಿ ಬರೆದು ಕೇಳಿಸಿದರು. ಹಿಚ್‌ಕಾಕ್ ಒಪ್ಪಿಕೊಂಡರು!

● ಆ ಚಿತ್ರದಲ್ಲಿ ಕಹಳೆಯಿಲ್ಲ, ಕೊಳಲಿಲ್ಲ, ನಗಾರಿಯಿಲ್ಲ. ಇರುವುದು ಪಿಟೀಲು, ವಿಯೋಲಾ, ಚೆಲ್ಲೋ, ಡಬಲ್ ಬಾಸ್‌ಗಳ ತಂತಿ ಮಾತ್ರ.

● 'ಜಾಸ್' (1975) ಚಿತ್ರದ ಶಾರ್ಕ್ ಬರುವುದು ಎರಡೇ ಸ್ವರಗಳ ಮೇಲೆ. ನಮ್ಮ ಲೆಕ್ಕದಲ್ಲಿ ಷಡ್ಜ ಮತ್ತು ಕೋಮಲ ರಿಷಭದಷ್ಟು ಅಂತರ. ಜಾನ್ ವಿಲಿಯಮ್ಸ್‌ಗೆ ಇದು ಆಸ್ಕರ್ ತಂದಿತು. ಹುಡುಗರಿಬ್ಬರು ರಟ್ಟಿನ ರೆಕ್ಕೆ ಕಟ್ಟಿಕೊಂಡು ಜನರನ್ನು ಹೆದರಿಸುವಾಗ ಮಾತ್ರ ಈ ಸಂಗೀತ ಕೇಳುವುದಿಲ್ಲ. ಸಂಗೀತ ಸುಳ್ಳು ಹೇಳಲಿಲ್ಲ!

● ಷಡ್ಜದ ಜತೆ ತೀವ್ರ ಮಧ್ಯಮವನ್ನು ಒಟ್ಟಿಗೆ ನುಡಿಸಿದರೆ ಪಾಶ್ಚಾತ್ಯ ವಾದ್ಯವೃಂದದಲ್ಲಿ ಅಪಾಯದ ಸುಳಿವು. ಅದೇ ತೀವ್ರ ಮಧ್ಯಮ ಯಮನ್ ರಾಗದಲ್ಲಿ ಸಂಜೆಯ ಶಾಂತಿ. ಭಯ ಸ್ವರದಲ್ಲಿಲ್ಲ, ಬಳಸುವ ಬಗೆಯಲ್ಲಿದೆ.

● 'ಡನ್‌ಕರ್ಕ್' (2017) ಚಿತ್ರದಲ್ಲಿ ಹಾನ್ಸ್ ಜಿಮ್ಮರ್ ಬಳಸಿದ್ದು ಕಿವಿಗೆ ಮಾಡುವ ಮೋಸ. ಮೇಲಿನ ಸಪ್ತಕದ ಸ್ವರ ಮೆಲ್ಲಗೆ ಕರಗುತ್ತಿರುವಾಗಲೇ ಕೆಳಗಿನದು ಬಂದು ಸೇರುತ್ತದೆ. ನಾದ ಏರುತ್ತಲೇ ಇದೆ ಅನಿಸುತ್ತದೆ, ಎಲ್ಲಿಗೂ ಮುಟ್ಟುವುದಿಲ್ಲ. ಇದಕ್ಕೆ ಶೆಪರ್ಡ್ ಟೋನ್ ಎಂದು ಹೆಸರು.

● 'ದ ಬರ್ಡ್ಸ್' (1963) ಚಿತ್ರಕ್ಕೆ ವಾದ್ಯವೃಂದವೇ ಇಲ್ಲ. ಹಕ್ಕಿಗಳ ಕೂಗಿಗೆ ಟ್ರಾಟೋನಿಯಂ ಎಂಬ ವಿದ್ಯುತ್ ವಾದ್ಯ ಬಳಸಿದರು. ಉಳಿದದ್ದು ಮೌನ.

● ಹಾಳು ಬಂಗಲೆಯಲ್ಲಿ ಹೆಜ್ಜೆ ಸಪ್ಪಳ ಅನುರಣಿಸಲು ಸ್ಟುಡಿಯೋದಲ್ಲಿ ಯಂತ್ರ ಬೇಕು. ವಿಜಯಪುರದ ಗೋಳಗುಮ್ಮಟಕ್ಕೆ ಏನೂ ಬೇಡ. 17ನೇ ಶತಮಾನದಿಂದಲೂ ಅಲ್ಲಿ ಒಂದು ಚಪ್ಪಾಳೆ ಮತ್ತೆ ಮತ್ತೆ ಮರಳುತ್ತಿದೆ.

ಥ್ರಿಲ್ಲರ್‌ನ ಅರ್ಧ ಚಿತ್ರಕಥೆ ಬರೆಯುವುದು ಸಂಗೀತವೇ. ನಂಬಿಕೆ ಬಾರದಿದ್ದರೆ ನಿಮ್ಮನ್ನು ಹೆದರಿಸಿದ ದೃಶ್ಯವೊಂದನ್ನು ಟಿವಿಯ ಧ್ವನಿ ಆರಿಸಿ ಮತ್ತೊಮ್ಮೆ ನೋಡಿ. ಮುಂದಿನ ಸಲ ಚಿತ್ರಮಂದಿರಕ್ಕೆ ಹೋದಾಗ, ವಾದ್ಯಗಾರರ ಹೆಸರು ಬರುವವರೆಗೆ ಕುರ್ಚಿ ಬಿಟ್ಟು ಏಳಬೇಡಿ!