ಒಂಟಿ ಪಯಣಿಗನನ್ನು ಹೊತ್ತ ಹೆಗಲು

ಮುಂಬಯಿಯ ನೆರೆಯ ಪನ್ವೇಲಿನಲ್ಲಿ ಆರಂಭವಾಗಿ, ಕೊಂಕಣದ ಘಟ್ಟಗಳನ್ನು ಏರಿಳಿದು, ಗೋವೆಯನ್ನು ಹಾದು, ಕಾರವಾರ, ಉಡುಪಿ, ಮಂಗಳೂರುಗಳನ್ನು ಒಂದೇ ದಾರದಲ್ಲಿ ಪೋಣಿಸಿಕೊಂಡು, ಕೇರಳದ ಉದ್ದಕ್ಕೂ ಸಾಗಿ ಕನ್ಯಾಕುಮಾರಿಯನ್ನು ಮುಟ್ಟುವ ರಾಷ್ಟ್ರೀಯ ಹೆದ್ದಾರಿ 66ರ ಉದ್ದ ಸುಮಾರು 1,600 ಕಿಲೋಮೀಟರ್. 2010ರಲ್ಲಿ ಹೆದ್ದಾರಿಗಳ ಸಂಖ್ಯೆಗಳು ಬದಲಾಗುವ ಮುನ್ನ ಇದರ ಬಹುಭಾಗವನ್ನು ನಾವು 17ನೆಯ ಹೆದ್ದಾರಿಯೆಂದು ಕರೆಯುತ್ತಿದ್ದೆವು. ಮುಂಬಯಿಯಲ್ಲಿ ದುಡಿಯುವ ನಮ್ಮ ಮಕ್ಕಳು ಮೊಂತಿ ಹಬ್ಬಕ್ಕೋ ಕ್ರಿಸ್ಮಸ್ಸಿಗೋ ಊರಿಗೆ ಬರುವ ದಾರಿಗಳಲ್ಲಿ ಇದೂ ಒಂದು. ಹಿಂದೆ ಬಸ್ಸೇ ಗತಿಯಾಗಿತ್ತು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡ ಮೇಲೆ ರೈಲು ಒದಗಿತು. ಈಗ ಸ್ವಂತ ಕಾರನ್ನು ತಾವೇ ಚಲಾಯಿಸಿಕೊಂಡು, ಜೊತೆಗೆ ಯಾರೂ ಇಲ್ಲದೆ ಬರುವವರೂ ಉಂಟು.

ಅಂಥ ದಿನ ಮನೆಯಲ್ಲಿ ತಾಯಿಗೆ ನಿದ್ದೆ ಹತ್ತುವುದಿಲ್ಲ. "ಒಬ್ಬನೇ ಬರುತ್ತಾನಂತೆ" ಎಂಬ ಒಂದು ಮಾತಿನಲ್ಲಿ ಅವಳ ಆತಂಕವೆಲ್ಲ ಅಡಗಿದೆ. ಆ ಆತಂಕಕ್ಕೆ ಕಾರಣವಿಲ್ಲದಿಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸರ್ಕಾರದ ಲೆಕ್ಕವೇ ಹೇಳುತ್ತದೆ. ಅವರಲ್ಲಿ 61,000ಕ್ಕೂ ಹೆಚ್ಚು ಮಂದಿ ಮಡಿದುದು ರಾಷ್ಟ್ರೀಯ ಹೆದ್ದಾರಿಗಳ ಮೇಲೆ. ಆದರೆ ತಾಯಿಯ ಆ ಮಾತಿನಲ್ಲಿರುವ "ಒಬ್ಬನೇ" ಎಂಬ ಪದವನ್ನು ನಾವು ತುಸು ಪರಿಶೀಲಿಸಬೇಕಾಗಿದೆ. ಹೆದ್ದಾರಿಯಲ್ಲಿ ಸಾಗುವವನು ನಿಜವಾಗಿಯೂ ಒಬ್ಬನೇ ಇರುತ್ತಾನೆಯೇ?

ಕಾರಿನೊಳಗೆ ಅವನೊಬ್ಬನೇ ಇರಬಹುದು. ಕಾರಿನ ಕೆಳಗಿರುವ ದಾರಿ ಮಾತ್ರ ಅನೇಕರ ದುಡಿಮೆಯಿಂದ ಆದುದು. ಹಳದಿ ತಲೆಯ ಮೈಲಿಗಲ್ಲು ಕಂಡರೆ ಅದು ರಾಷ್ಟ್ರೀಯ ಹೆದ್ದಾರಿ, ಹಸಿರು ತಲೆಯದಾದರೆ ರಾಜ್ಯ ಹೆದ್ದಾರಿ. ಉತ್ತರ ದಕ್ಷಿಣವಾಗಿ ಹರಿಯುವ ಪ್ರಧಾನ ಹೆದ್ದಾರಿಗಳಿಗೆ ಸಮಸಂಖ್ಯೆ, ಪೂರ್ವ ಪಶ್ಚಿಮವಾಗಿ ಹರಿಯುವವುಗಳಿಗೆ ಬೆಸಸಂಖ್ಯೆ. ಆದುದರಿಂದಲೇ ಕರಾವಳಿಯ ಈ ದಾರಿ 66, ಮಂಗಳೂರಿನ ಕಡೆಯಿಂದ ಘಟ್ಟವೇರಿ ತುಮಕೂರಿನತ್ತ ಹೋಗುವ ದಾರಿ 73. ಭಾಷೆ ತಿಳಿಯದ ಊರಿನಲ್ಲೂ ಈ ಅಂಕೆಗಳನ್ನು ಹಿಡಿದು ದಿಕ್ಕು ಕಂಡುಕೊಳ್ಳಬಹುದು. ನಡುವೆ ತುಂಡುಗೆರೆ ಇದ್ದಲ್ಲಿ ಎದುರಿನ ದಾರಿ ತೆರವಾಗಿದ್ದರೆ ಮುಂದಿನ ವಾಹನವನ್ನು ಹಿಂದಿಕ್ಕಬಹುದು. ಜೋಡಿಗೆರೆ ಇದ್ದಲ್ಲಿ ದಾಟಲಾಗದು. ಕತ್ತಲಲ್ಲಿ ದೀಪದ ಬೆಳಕಿಗೆ ಹೊಳೆಯುವ ಪುಟ್ಟ ಗಾಜುಗಣ್ಣುಗಳನ್ನು 1934ರ ಸುಮಾರಿಗೆ ರೂಪಿಸಿದವರು ಇಂಗ್ಲೆಂಡಿನ ಪರ್ಸಿ ಶಾ ಎಂಬವರು. ಮುಂದಿನ ತಿರುವಿನಲ್ಲಿ ಏನಿದೆಯೆಂದು ಪಯಣಿಗನಿಗೆ ತಿಳಿಯದು. ಆದರೆ ಅವನಿಗಿಂತ ಮೊದಲೇ ಅಲ್ಲಿಗೆ ಹೋಗಿ ನೋಡಿಬಂದ ಒಬ್ಬರು ಅವನಿಗಾಗಿ ಒಂದು ಫಲಕವನ್ನು ನೆಟ್ಟಿದ್ದಾರೆ. ಮುಖವನ್ನೇ ಕಾಣದವರ ಕ್ಷೇಮಕ್ಕಾಗಿ ಮುಂಚಿತವಾಗಿ ಚಿಂತಿಸುವುದನ್ನು ನಾವು ಪರಪ್ರೀತಿಯೆನ್ನದೆ ಬೇರೇನೆನ್ನೋಣ?

ಕಥೋಲಿಕರಾದ ನಮಗೆ ಈ ಹೆದ್ದಾರಿ ಬೇರೊಂದು ಬಗೆಯಲ್ಲೂ ಸ್ವಂತದ್ದು. 2005ರಲ್ಲಿ ಸ್ಥಾಪನೆಯಾದ ಸಿಂಧುದುರ್ಗ ಧರ್ಮಪ್ರಾಂತ್ಯವನ್ನು ಹಾದು, 1533ರಷ್ಟು ಹಿಂದೆಯೇ ಧರ್ಮಪ್ರಾಂತ್ಯವಾದ ಗೋವೆಯನ್ನು ದಾಟಿ, 1976ರ ಕಾರವಾರ, 2012ರ ಉಡುಪಿ, 1887ರ ಮಂಗಳೂರು ಧರ್ಮಪ್ರಾಂತ್ಯಗಳ ಮೂಲಕ ಅದು ದಕ್ಷಿಣಕ್ಕೆ ಇಳಿಯುತ್ತದೆ. ಮುಂದೆ ಸಿಗುವ ಕೊಲ್ಲಂ, 1329ರಲ್ಲಿ ಪೋಪ್ ಇಪ್ಪತ್ತೆರಡನೆಯ ಯೊವಾನ್ನರು ಸ್ಥಾಪಿಸಿದ ಭಾರತದ ಮೊತ್ತಮೊದಲ ಲತೀನ್ ಧರ್ಮಪ್ರಾಂತ್ಯ. ಹಳೇ ಗೋವೆಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಪಾರ್ಥಿವ ಶರೀರವಿದೆ. ದಕ್ಷಿಣದ ತುದಿಯ ಬಳಿ, ನಾಗರಕೋಯಿಲಿನ ಕೋಟಾರಿನಲ್ಲಿ ಅವರದೇ ಹೆಸರಿನ ಪ್ರಧಾನಾಲಯವಿದೆ. 2022ರ ಮೇ 15ರಂದು ಸಂತ ಪದವಿಗೇರಿದ ದೇವಸಹಾಯಂ ಅವರ ಸಮಾಧಿಯೂ ಅಲ್ಲಿಯೇ ಇದೆ. ಝೇವಿಯರರು 1542ರಲ್ಲಿ ಗೋವೆಗೆ ಬಂದಿಳಿದಾಗ ಈ ತೀರದಲ್ಲಿ ಇಂಥ ಹೆದ್ದಾರಿ ಎಲ್ಲಿತ್ತು? ಹಡಗು, ದೋಣಿ, ಇಲ್ಲವೇ ಬರಿಗಾಲು.

ನಮ್ಮ ಕರಾವಳಿಯನ್ನು ದಾರಿ ಮಾಡಿಕೊಂಡವರಿಗೆ ಹಿಂದೆ ದೊಡ್ಡ ತಡೆಯಾಗಿದ್ದವು ಹೊಳೆಗಳು. ನೇತ್ರಾವತಿ, ಶಾಂಭವಿ, ಸ್ವರ್ಣಾ, ಸೀತಾ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ. ಗೋವೆಯಲ್ಲಿ ಜುವಾರಿ, ಮಾಂಡವಿ. ಘಟ್ಟದಿಂದಿಳಿದು ಕಡಲು ಸೇರುವ ಒಂದೊಂದು ನದಿಯೂ ದಾರಿಯನ್ನು ಅಡ್ಡಗಟ್ಟುತ್ತಿತ್ತು. ಕಡವಿನಲ್ಲಿ ದೋಣಿಗಾಗಿ ಕಾಯಬೇಕಿತ್ತು. ಮಳೆಗಾಲದಲ್ಲಿ ಹೊಳೆ ಉಕ್ಕಿದರೆ ಕಾಯುವುದೊಂದೇ ಉಳಿಯುತ್ತಿತ್ತು. ಇಂದು ಕಾರಿನಲ್ಲಿ ಕುಳಿತವನು ಇಂಥ ಒಂದು ನದಿಯನ್ನು ಕೆಲವೇ ನಿಮಿಷಗಳಲ್ಲಿ ದಾಟುತ್ತಾನೆ. ಎಷ್ಟೋ ಸಲ ನದಿಯ ಹೆಸರನ್ನೂ ಓದುವುದಿಲ್ಲ.

ಇಲ್ಲಿ ನಮಗೆ ಪಯಣಿಗರ ಪಾಲಕರಾದ ಸಂತ ಕ್ರಿಸ್ಟೋಫರರ ನೆನಪಾಗುತ್ತದೆ. ಸೆಳವಿದ್ದ ಹೊಳೆಯೊಂದರಲ್ಲಿ ಅಪರಿಚಿತ ಪ್ರಯಾಣಿಕರನ್ನು ಹೆಗಲ ಮೇಲೆ ಹೊತ್ತು ದಾಟಿಸುವುದೇ ಅವರ ಕಾಯಕವಾಗಿತ್ತೆಂದೂ, ಒಂದು ದಿನ ಹೊತ್ತ ಪುಟ್ಟ ಬಾಲಕ ಲೋಕದಷ್ಟು ಭಾರವಾದನೆಂದೂ, ಆ ಬಾಲಕನು ಸಾಕ್ಷಾತ್ ಪ್ರಭು ಕ್ರಿಸ್ತನೇ ಆಗಿದ್ದನೆಂದೂ ಐತಿಹ್ಯವಿದೆ. 1969ರ ಪರಿಷ್ಕರಣದಲ್ಲಿ ಅವರ ಹಬ್ಬವನ್ನು ಧರ್ಮಸಭೆಯ ಸಾರ್ವತ್ರಿಕ ಪಂಚಾಂಗದಿಂದ ಕೈಬಿಡಲಾದರೂ ಅವರ ಸಂತತ್ವವನ್ನು ತೆಗೆದುಹಾಕಿಲ್ಲ; ಜುಲೈ 25ರಂದು ಹಲವೆಡೆ ಅವರ ಹೆಸರಿನಲ್ಲಿ ವಾಹನಗಳನ್ನು ಆಶೀರ್ವದಿಸುವುದುಂಟು. ಸೇತುವೆಯ ಕಂಬಗಳು ಮಾಡುವುದು ಕ್ರಿಸ್ಟೋಫರರ ಕೆಲಸವನ್ನೇ. ನೀರಿನಲ್ಲಿ ನಿಂತು, ಹೆಸರು ಕೇಳದೆ, ಜಾತಿ ಕೇಳದೆ, ಬಂದವರನ್ನೆಲ್ಲ ಹೊತ್ತು ದಾಟಿಸುತ್ತವೆ. ಆ ಕಂಬಗಳನ್ನು ನಿಲ್ಲಿಸಿದ, ಬಿಸಿಲಿನಲ್ಲಿ ಡಾಂಬರು ಹಾಸಿದ ಕೂಲಿಯಾಳುಗಳ ಹೆಸರು ಯಾವ ಫಲಕದಲ್ಲೂ ಇಲ್ಲ. ಉದ್ಘಾಟನೆಯ ಕಲ್ಲಿನಲ್ಲಿ ಇರುವುದು ಬೇರೆ ಹೆಸರುಗಳು.

ಹೆಗಲು ಕುಸಿದಾಗಲಷ್ಟೇ ಹೆಗಲೊಂದಿತ್ತೆಂದು ಲೋಕಕ್ಕೆ ತಿಳಿಯುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಇದೇ ಹೆದ್ದಾರಿಯ ಮೇಲೆ ಬಿತ್ತು. ದಾರಿಯ ಬದಿಯಲ್ಲಿ ಚಹಾದ ಅಂಗಡಿ ನಡೆಸುತ್ತಿದ್ದ ಒಂದು ಸಂಸಾರವೇ ಮಣ್ಣುಪಾಲಾಯಿತು. ಒಬ್ಬನೇ ಲಾರಿ ನಡೆಸಿಕೊಂಡು ಬಂದಿದ್ದ ಕೇರಳದ ಚಾಲಕನೊಬ್ಬ ಲಾರಿ ಸಮೇತ ಗಂಗಾವಳಿಯ ಪಾಲಾದ. ಅವನ ದೇಹ ದೊರೆತದ್ದು ಸೆಪ್ಟೆಂಬರ್ 25ರಂದು, ಎರಡು ತಿಂಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಹೆದ್ದಾರಿಗಾಗಿ ಗುಡ್ಡವನ್ನು ಕಡಿದ ರೀತಿಯ ಕುರಿತು ಆಗ ಪ್ರಶ್ನೆಗಳೆದ್ದವು. ಅವು ನ್ಯಾಯವಾದ ಪ್ರಶ್ನೆಗಳು. ಹೆದ್ದಾರಿಯನ್ನು ಮೆಚ್ಚುವುದೆಂದರೆ ಅದರ ಕುಂದುಗಳಿಗೆ ಕಣ್ಣು ಮುಚ್ಚುವುದಲ್ಲ. ಅನೇಕರ ಪ್ರಾಣವನ್ನು ಹೊರುವ ಹೆಗಲು ಗಟ್ಟಿಯಾಗಿರಲಿ ಎಂದು ಕೇಳುವುದೂ ಮೆಚ್ಚುಗೆಯ ಒಂದು ಭಾಗವೇ.

ಅದಾಗಿ ಮೂರು ವಾರಗಳಲ್ಲಿ, ಆಗಸ್ಟ್ 7ರ ನಡುರಾತ್ರಿ ಕಳೆದ ಹೊತ್ತಿಗೆ, ಕಾರವಾರ ಮತ್ತು ಸದಾಶಿವಗಡದ ನಡುವೆ ಕಾಳಿ ನದಿಗೆ ಕಟ್ಟಿದ್ದ ಹಳೆಯ ಸೇತುವೆ ಕುಸಿಯಿತು. ಆ ಹೊತ್ತಿನಲ್ಲಿ ಸೇತುವೆಯ ಮೇಲಿದ್ದ ಲಾರಿಯೊಂದು ನದಿಗೆ ಬಿತ್ತು. ತಮಿಳುನಾಡಿನಿಂದ ಬಂದಿದ್ದ ಅದರ ಚಾಲಕನೂ ಒಬ್ಬನೇ. ಮಳೆಗಾಲದ ಹೊಳೆ, ಕತ್ತಲೆ, ಗುರುತಿಲ್ಲದ ಊರು. ಆದರೂ ಅವನು ಬದುಕಿದ. ಸ್ಥಳೀಯ ಮೀನುಗಾರರೂ ಪೊಲೀಸರೂ ಕೂಡಿ ಅವನನ್ನು ದಡ ಸೇರಿಸಿದರು. ಸೇತುವೆ ಹೊರಲಾರದೆ ಹೋದುದನ್ನು ಮನುಷ್ಯರು ಹೊತ್ತರು. ಪುರಾತನ ಐತಿಹ್ಯವೊಂದು ನಮ್ಮ ಕಾಲದಲ್ಲಿ, ನಮ್ಮದೇ ಹೊಳೆಯಲ್ಲಿ ಮತ್ತೆ ನಡೆದಂತಾಯಿತು.

ಸಂತ ಲೂಕರ ಶುಭಸಂದೇಶದಲ್ಲಿ ಯೇಸುಸ್ವಾಮಿ ಹೇಳಿದ ಸಾಮತಿಯಲ್ಲಿ ಬರುವ ಪಯಣಿಗನೂ ಒಬ್ಬನೇ ಎಂಬುದನ್ನು ಗಮನಿಸಿರಿ. ಜೆರುಸಲೇಮಿನಿಂದ ಜೆರಿಕೊಗೆ ಇಳಿಯುವ ದಾರಿ ಮೂವತ್ತು ಕಿಲೋಮೀಟರಿಗಿಂತ ಕಡಿಮೆ. ಅಷ್ಟರಲ್ಲೇ ಸುಮಾರು 1,000 ಮೀಟರ್ ಇಳಿಜಾರು. ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನನ್ನು ಯಾಜಕನು ಕಂಡ, ಲೇವಿಯನೂ ಕಂಡ. ಇಬ್ಬರೂ ಬದಿಗೆ ಸರಿದು ಹೋದರು. ನಿಂತವನು ಸಮಾರಿಯದವನು. ಅವನು ಗಾಯಕ್ಕೆ ಮದ್ದು ಹಚ್ಚಿ ಸುಮ್ಮನಾಗಲಿಲ್ಲ. ತನ್ನ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಕೊಂಡೊಯ್ದು, ಎರಡು ದಿನಗಳ ಕೂಲಿಯಷ್ಟು ಹಣವನ್ನು ಛತ್ರದವನ ಕೈಗಿತ್ತು, ಹೆಚ್ಚಿನ ವೆಚ್ಚವನ್ನೂ ತಾನೇ ತೀರಿಸುವುದಾಗಿ ಮಾತು ಕೊಟ್ಟ.

ನಮ್ಮ ದೇಶದಲ್ಲಿ ಬಹುಕಾಲ ಜನರು ಅಪಘಾತದ ಮುಂದೆ ನಿಲ್ಲದೆ ಸಾಗಿದುದಕ್ಕೆ ಕಲ್ಲೆದೆಯೊಂದೇ ಕಾರಣವಲ್ಲ. ಪೊಲೀಸ್ ಠಾಣೆ, ನ್ಯಾಯಾಲಯಗಳ ಅಲೆದಾಟದ ಭಯವೂ ಕಾರಣ. ಈಗ ಆ ನೆಪ ಉಳಿದಿಲ್ಲ. ಗಾಯಾಳುವಿಗೆ ನೆರವಾಗುವವರಿಗೆ ರಕ್ಷಣೆ ಕೊಡುವ ಮಾರ್ಗಸೂಚಿಗಳಿಗೆ ಸರ್ವೋಚ್ಚ ನ್ಯಾಯಾಲಯವು 2016ರ ಮಾರ್ಚ್‌ನಲ್ಲಿ ಕಾನೂನಿನ ಬಲ ನೀಡಿತು. ಕರ್ನಾಟಕವು ತನ್ನದೇ ಕಾಯಿದೆಯನ್ನು ರೂಪಿಸಿ, ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೇ 134ಎ ಎಂಬ ಕಲಮು ಸೇರಿತು. ಸದ್ಭಾವದಿಂದ ನೆರವಾದವನ ಮೇಲೆ, ಗಾಯಾಳುವಿಗೆ ಮುಂದೆ ಏನಾಯಿತೆಂಬ ಕಾರಣಕ್ಕೆ ಮೊಕದ್ದಮೆ ಹೂಡುವಂತಿಲ್ಲ. ಈ ಕಾನೂನು ಅಂಥವನನ್ನು ಕರೆಯುವ ಹೆಸರೇ 'ಗುಡ್ ಸಮಾರಿಟನ್'. ಛತ್ರದವನಿಗೆ ಹಣ ಕೊಡುವ ಭಾರವನ್ನೂ ಸರ್ಕಾರ ತುಸು ಹೊತ್ತಿದೆ: ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿಗಳ ತನಕ ನಗದಿಲ್ಲದೆ ಚಿಕಿತ್ಸೆ ಸಿಗುವ ಯೋಜನೆಯನ್ನು 2025ರ ಮೇ ತಿಂಗಳಲ್ಲಿ ಕೇಂದ್ರವು ಪ್ರಕಟಿಸಿತು. ಶುಭಸಂದೇಶದ ಸಾಮತಿಯೊಂದು ದೇಶದ ಕಾನೂನಿಗೆ ತನ್ನ ಹೆಸರನ್ನೇ ಕೊಟ್ಟಿರುವಾಗ, ಆ ಶುಭಸಂದೇಶವನ್ನು ಬಲಿಪೂಜೆಯಲ್ಲಿ ಎದ್ದುನಿಂತು ಆಲಿಸುವ ನಾವೇ ವಾಹನ ನಿಲ್ಲಿಸದೆ ಸಾಗಿದರೆ ಅದಕ್ಕಿಂತ ನಾಚಿಕೆಗೇಡು ಮತ್ತೊಂದಿಲ್ಲ.

ಧರ್ಮಸಭೆಯು ರಸ್ತೆಯ ಕುರಿತು ಮೌನವಾಗಿಲ್ಲ. 2007ರ ಜೂನ್ 19ರಂದು ವ್ಯಾಟಿಕನ್ನಿನ ವಲಸಿಗರ ಪಾಲನಾ ಪರಿಷತ್ತು ರಸ್ತೆಯ ಪಾಲನಾಸೇವೆಯನ್ನು ಕುರಿತ ಮಾರ್ಗದರ್ಶಿಯೊಂದನ್ನು ಹೊರಡಿಸಿತು. ಅದರಲ್ಲಿ ಚಾಲಕರಿಗಾಗಿ ಹತ್ತು ಆಜ್ಞೆಗಳಿವೆ. ಕೊಲ್ಲದಿರುವುದೇ ಅವುಗಳಲ್ಲಿ ಮೊದಲನೆಯದು. ರಸ್ತೆಯು ಜನರನ್ನು ಕೂಡಿಸುವ ಸಾಧನವಾಗಬೇಕು, ವಾಹನವು ದರ್ಪದ ಪ್ರದರ್ಶನವಾಗಬಾರದು, ಚಲಾಯಿಸುವ ಸ್ಥಿತಿಯಲ್ಲಿ ಇಲ್ಲದವರನ್ನು ಪ್ರೀತಿಯಿಂದ ತಡೆಯಬೇಕು, ಅಪಘಾತಕ್ಕೀಡಾದವರ ಕುಟುಂಬಗಳಿಗೆ ಆಸರೆಯಾಗಬೇಕು, ದಾರಿಯಲ್ಲಿ ದುರ್ಬಲರನ್ನು ಕಾಯಬೇಕು ಎಂಬವು ಉಳಿದವುಗಳ ಆಶಯ. ಹೊರಡುವ ಮುನ್ನ ಶಿಲುಬೆಯ ಗುರುತು ಹಾಕಿಕೊಳ್ಳುವುದನ್ನೂ ದಾರಿಯಲ್ಲಿ ಜಪಸರ ಹೇಳುವುದನ್ನೂ ಅದು ಮೆಚ್ಚುತ್ತದೆ.

ಹೀಗಿರುವಾಗ ಒಂಟಿಯಾಗಿ ದೂರ ಹೊರಡುವವರಿಗೂ ಅವರನ್ನು ಕಾಯುವವರಿಗೂ ನಾವು ಹೇಳಬಹುದಾದ ಮಾತು ಕೆಲವೇ. ಮುಂಬಯಿಯಿಂದ ಮಂಗಳೂರಿಗೆ ಸುಮಾರು 900 ಕಿಲೋಮೀಟರ್. ಅದನ್ನು ಒಂದೇ ಉಸಿರಿಗೆ ಮುಗಿಸುವುದರಲ್ಲಿ ದೊಡ್ಡಸ್ತಿಕೆಯಿಲ್ಲ. ಗೋವೆಯಲ್ಲೋ ಅದಕ್ಕಿಂತ ಮುಂಚೆಯೋ ಒಂದು ರಾತ್ರಿ ತಂಗಿದರೆ ಮೊಂತಿ ಹಬ್ಬದ ಹೊಸ ಅಕ್ಕಿಯ ಊಟ ತಪ್ಪಿಹೋಗುವುದಿಲ್ಲ. ಚಾಲಕನಿಗೆ ಜೊತೆಯಿಲ್ಲದಾಗ ತೂಕಡಿಕೆಯನ್ನು ಗುರುತಿಸಿ ಎಚ್ಚರಿಸುವವರಿರುವುದಿಲ್ಲ. ಕಣ್ಣು ಭಾರವಾದೊಡನೆ ವಾಹನವನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಬೇಕು. ಹೆದ್ದಾರಿಯ ಸಹಾಯವಾಣಿ 1033, ಯಾವುದೇ ತುರ್ತಿಗೆ 112. ಈ ಎರಡು ಸಂಖ್ಯೆಗಳು ಬಾಯಿಪಾಠವಾಗಿರಲಿ. ಮನೆಯಿಂದ ಗಳಿಗೆಗೊಮ್ಮೆ ದೂರವಾಣಿ ಕರೆ ಮಾಡಿ ಚಾಲಕನ ಗಮನ ಕೆಡಿಸುವುದಕ್ಕಿಂತ, ಅವನು ನಿಂತಲ್ಲಿಂದ ತಾನೇ ಕರೆ ಮಾಡಲೆಂದು ಬಿಡುವುದು ಲೇಸು. ಆ ಹೊತ್ತನ್ನು ತಾಯಿ ಜಪಸರಕ್ಕೆ ಕೊಡಲಿ. ಹೆದ್ದಾರಿಯ ಬದಿಯಲ್ಲಿರುವ ಧರ್ಮಕೇಂದ್ರಗಳು ವರ್ಷಕ್ಕೊಮ್ಮೆ ಪ್ರಥಮ ಚಿಕಿತ್ಸೆಯ ತರಬೇತಿಯನ್ನು ಏರ್ಪಡಿಸಿದರೆ ಅದೂ ಒಂದು ಶುಭಸಂದೇಶ ಪ್ರಸಾರವೇ. ಗಾಯಾಳುವಿನ ಪ್ರಾಣ ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಮೊದಲ ಒಂದು ಗಂಟೆಯಲ್ಲಿ. ಆ ಗಂಟೆಯಲ್ಲಿ ಅವನ ಹತ್ತಿರ ಇರುವವರು ದಾರಿಹೋಕರು ಮತ್ತು ನೆರೆಮನೆಯವರು.

ಸಂತ ಪೌಲರು ಸೆರೆಯಾಳಾಗಿ ರೋಮಿಗೆ ಸಾಗುತ್ತಿದ್ದಾಗ, ಅಲ್ಲಿನ ಸಹೋದರರು ಆಪ್ಪಿಯನ ಹೆದ್ದಾರಿಯಲ್ಲಿ ಬಹುದೂರ ನಡೆದುಬಂದು ಅವರನ್ನು ಎದುರುಗೊಂಡರೆಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಅವರನ್ನು ಕಂಡು ಪೌಲರು ದೇವರಿಗೆ ಸ್ತೋತ್ರ ಸಲ್ಲಿಸಿ ಧೈರ್ಯ ತಾಳಿದರು. ರೋಮನ್ನರು ತಮ್ಮ ಸೈನ್ಯಕ್ಕಾಗಿ ಹಾಸಿದ ಕಲ್ಲುದಾರಿಯು ಸಹೋದರರು ಕೂಡುವ ದಾರಿಯೂ ಆಯಿತು. ನಮ್ಮ ಹೆದ್ದಾರಿಯೂ ಹಾಗೆಯೇ ಆಗಬೇಕಾದರೆ, ಅದರ ಮೇಲೆ ಸಾಗುವ ಒಬ್ಬೊಬ್ಬರೂ ತಮ್ಮನ್ನು ಹೊತ್ತ ಹೆಗಲುಗಳನ್ನು ನೆನೆಯಬೇಕು. ದಾರಿಯಲ್ಲಿ ಯಾರಾದರೂ ಬಿದ್ದಿರುವುದು ಕಂಡಾಗ ತಮ್ಮ ಹೆಗಲನ್ನೂ ಕೊಡಬೇಕು.