ಅಜ್ಜಿಯ ಕೆಂಪು ಅಂಗಿ

ಅಮೆರಿಕದ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್‌ನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಯ ಕೆಂಪು ಅಂಗಿಯ ಮೇಲೆ ‘ಆರೋಗ್ಯ ಸೇವೆ ಮನುಷ್ಯರ ಹಕ್ಕು’ ಎಂದಿತ್ತು. 2008ರಲ್ಲಿ ವರ್ಮಾಂಟ್ ವರ್ಕರ್ಸ್ ಸೆಂಟರ್ ಎಂಬ ಸಂಘಟನೆ ಅದೇ ಹೆಸರಿನ ಚಳವಳಿ ಶುರುಮಾಡಿದಾಗ ನಾನೂ ಅಜ್ಜಿಯ ಜೊತೆ ಹೊರಟೆ. ಬಾಗಿಲು ತಟ್ಟಿ, ಅಡುಗೆಮನೆಯ ಮೇಜಿನ ಮುಂದೆ ಕೂತು, ‘ಬಿಲ್ಲಿಗೆ ಹೆದರಿ ಯಾವತ್ತಾದರೂ ಡಾಕ್ಟರ ಹತ್ತಿರ ಹೋಗದೆ ಉಳಿದಿದ್ದೀರಾ?’ ಎಂದು ಕೇಳುವುದು. ಆಮೇಲೆ ಸುಮ್ಮನೆ ಕೇಳಿಸಿಕೊಳ್ಳುವುದು. ವಿಮೆಯಿಲ್ಲದ ಹೈನುಗಾರನೊಬ್ಬ ಎರಡು ವರ್ಷ ಮಂಡಿನೋವು ನುಂಗಿಕೊಂಡಿದ್ದ. ಅಂಥವರ ಮಾತೇ ರಾಜಧಾನಿ ಮಾಂಟ್ಪೀಲಿಯರ್‌ನ ಶಾಸನಸಭೆಯನ್ನು ಮುಟ್ಟಿತು. 2011ರ ಮೇ ತಿಂಗಳಲ್ಲಿ ಗವರ್ನರ್ ಪೀಟರ್ ಶಮ್ಲಿನ್ ಸರ್ವರಿಗೂ ಚಿಕಿತ್ಸೆಯ ಕಾಯ್ದೆಗೆ ಸಹಿ ಹಾಕಿದರು.

ಆದರೆ 2014ರ ಡಿಸೆಂಬರಿನಲ್ಲಿ, ಮಾಲೀಕರು ಸಂಬಳದ ಮೇಲೆ ಶೇ. 11.5 ತೆರಿಗೆ ಕಟ್ಟಬೇಕಾದೀತೆಂದು ಶಮ್ಲಿನ್ ಅವರೇ ಯೋಜನೆ ಕೈಬಿಟ್ಟರು. ತೆರಿಗೆ ಬಂದರೆ ವಿಮಾ ಕಂತು ಕಟ್ಟುವುದು ನಿಲ್ಲುತ್ತದೆಂಬ ಲೆಕ್ಕವನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕಿತ್ತು. ಜನವರಿಯ ಚಳಿಯಲ್ಲಿ ಅಜ್ಜಿ ಕೋಟಿನ ಮೇಲೆ ಕೆಂಪು ಅಂಗಿ ತೊಟ್ಟು ಮತ್ತೆ ಮಾಂಟ್ಪೀಲಿಯರ್‌ಗೆ ಹೊರಟರು.